ಬರಬೇಕಾದ ಹಣಕ್ಕೂ ಒಂದು ಪುಟ

ಕಿರಾಣಿ ಅಂಗಡಿಯವರ ಉದ್ರಿ ವಹಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಹಾಳೆಯ ನೆತ್ತಿಗೆ ಒಂದು ‘ಶ್ರೀ’. ಕಂಪ್ಯೂಟರ್ ಬಿಲ್ಲು ಬಂದ ಮೇಲೂ ನಮ್ಮ ಯರಗಟ್ಟಿ ಬಜಾರದ ಹಳೆಯ ಅಂಗಡಿಗಳಲ್ಲಿ ಈ ವಹಿ ಗಲ್ಲಾಪೆಟ್ಟಿಗೆಯ ಪಕ್ಕ ಬಿಟ್ಟು ಸರಿದಿಲ್ಲ. ದೀಪಾವಳಿ ಪಾಡ್ಯಕ್ಕೆ ಹೊಸ ವಹಿಗೆ ಪೂಜೆ ಆಗುತ್ತದೆ, ಹಳೆಯದರ ಬಾಕಿ ಹೊಸದಕ್ಕೆ ಏರುತ್ತದೆ. ಒಂದೊಂದು ಮನೆಗೆ ಒಂದೊಂದು ಖಾತೆ, ಖಾತೆಗೆ ಎರಡು ಬದಿ: ಒಯ್ದದ್ದು ಒಂದು ಕಡೆ, ಕೊಟ್ಟದ್ದು ಒಂದು ಕಡೆ. ತನಗೆ ಯಾರಿಂದ ಎಷ್ಟು ಬರಬೇಕು ಎನ್ನುವುದನ್ನು ಅಂಗಡಿಕಾರ ನೆನಪಿಗೆ ಬಿಡುವುದಿಲ್ಲ. ಎಂಟಾಣೆಯ ಕಾಲದಲ್ಲೂ ಬಿಟ್ಟಿರಲಿಲ್ಲ.

ಮನೆಯ ಲೆಕ್ಕದ ಪುಸ್ತಕದಲ್ಲಿ ಈ ‘ಬರಬೇಕಾದದ್ದು’ ಎಂಬ ಬದಿಯೇ ಇರುವುದಿಲ್ಲ. ಬರೆಯುವ ಮನೆಗಳೇ ಕಡಿಮೆ. ಬರೆಯುವವರೂ ಹಾಲು, ತರಕಾರಿ, ಗ್ಯಾಸು, ಮಕ್ಕಳ ಫೀ ಎಂದು ಹೋದದ್ದನ್ನಷ್ಟೇ ಬರೆಯುತ್ತಾರೆ. ಸ್ತ್ರೀಶಕ್ತಿ ಸಂಘದ ಪುಸ್ತಕಗಳನ್ನು ಬರೆಯುವ ಒಬ್ಬ ತಾಯಿ ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿದರು: “ಕೊಡೂದು ಬರದ ಇಡ್ತೀವ್ರೀ ಅಣ್ಣಾರ, ಬರೂದು ಬಂದಾಗ ನೋಡಿದ್ರಾತು ಅಂತೀವಿ.” ಈ ‘ಬಂದಾಗ ನೋಡಿದ್ರಾತು’ ಎನ್ನುವುದರಲ್ಲೇ ಸಂಸಾರದ ಎಷ್ಟೋ ದುಡ್ಡು ಸೋರಿಹೋಗುತ್ತದೆ. ಈ ವಾರ ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಮೊದಲು ಕೊಟ್ಟು ಆಮೇಲೆ ವಾಪಸ್ ಪಡೆಯುವುದು ನಮ್ಮ ಮನೆಗಳಿಗೆ ದೊಡ್ಡ ರೀತಿಯಲ್ಲಿ ಬಂದದ್ದು ಗ್ಯಾಸ್ ಸಿಲಿಂಡರಿನ ಜೊತೆಗೆ. ಅದಕ್ಕೆ ಮುಂಚೆ ಸಬ್ಸಿಡಿ ಕಳೆದು ಉಳಿದದ್ದನ್ನು ಕೊಟ್ಟರೆ ಮುಗಿಯುತ್ತಿತ್ತು. ಸಬ್ಸಿಡಿಯನ್ನು ಖಾತೆಗೆ ಹಾಕುವ ಪ್ರಯೋಗ 2013ರ ಜೂನ್ 1ರಂದು ಶುರುವಾದ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಆಮೇಲೆ ‘ಪಹಲ್’ ಎಂಬ ಹೆಸರಿನಲ್ಲಿ 2014ರ ನವೆಂಬರ್ 15ಕ್ಕೆ 54 ಜಿಲ್ಲೆಗಳಿಗೆ, 2015ರ ಜನವರಿ 1ಕ್ಕೆ ಇಡೀ ದೇಶಕ್ಕೆ ಬಂತು. ಅಂದಿನಿಂದ ಪೂರ್ತಿ ಬೆಲೆ ಕೊಡು, ಸಬ್ಸಿಡಿ ಬ್ಯಾಂಕಿನ ಖಾತೆಗೆ ಬರುತ್ತದೆ ಎಂದಾಯಿತು. ಬಂತೋ ಇಲ್ಲವೋ ನೋಡುವ ಕೆಲಸ ಸರ್ಕಾರದಿಂದ ಸರಿದು ಅಡಿಗೆಮನೆಯವರ ಹೆಗಲಿಗೆ ಬಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. 2020ರ ನಡುವಿನಲ್ಲಿ ಹೆಚ್ಚಿನ ಮನೆಗಳಿಗೆ ಸಬ್ಸಿಡಿ ನಿಂತಾಗ ಅದು ನಿಂತದ್ದು ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದ ದಿನ ಗೊತ್ತಾಯಿತು.

ಈಗ ಉಜ್ವಲಾ ಸಂಪರ್ಕ ಇರುವ ಮನೆಗೆ 14.2 ಕಿಲೋ ಸಿಲಿಂಡರಿಗೆ 300 ರೂಪಾಯಿ ಬರುತ್ತದೆ. 2022ರ ಮೇ ತಿಂಗಳಲ್ಲಿ 200 ಇತ್ತು, 2023ರ ಅಕ್ಟೋಬರಿನಲ್ಲಿ 300 ಆಯಿತು. ಮೊದಲು ವರ್ಷಕ್ಕೆ 12 ಸಿಲಿಂಡರಿಗೆ ಸಿಗುತ್ತಿದ್ದದ್ದು 2025-26ಕ್ಕೆ 9ಕ್ಕೆ ಇಳಿದಿದೆ. ಒಂಬತ್ತಕ್ಕೆ 2,700 ರೂಪಾಯಿ. ಮುರಗೋಡ, ಸತ್ತಿಗೇರಿ ಕಡೆಯ ಒಂದು ಕೂಲಿ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಗ್ಯಾಸಿಗೆ ಒಂದು ಪುಟ ಬೇಕು, ಆ ಪುಟ ದೀಪಾವಳಿಗೆ ಅಲ್ಲ, ಏಪ್ರಿಲ್ 1ಕ್ಕೆ ತೆರೆಯಬೇಕು. ಸಿಲಿಂಡರಿನ ಎಣಿಕೆ ನಡೆಯುವುದು ಹಣಕಾಸು ವರ್ಷದ ಮೇಲೆ. ಬುಕ್ ಮಾಡಿದ ದಿನ, ಸಿಲಿಂಡರ್ ಬಂದ ದಿನ, ಕೊಟ್ಟ ರೊಕ್ಕ, ಖಾತೆಗೆ ಬಂದ ರೊಕ್ಕ, ಬಂದ ದಿನ. ಕೊನೆಯ ಎರಡು ಮನೆ ಖಾಲಿ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಅದೇ ಪುಟದ ಅಂಚಿಗೆ ಇನ್ನೊಂದು ಬರೆಯಿರಿ: ಒಲೆಗೆ ಹಚ್ಚಿದ ದಿನ, ಮುಗಿದ ದಿನ. ಪ್ರತಿ ಸಿಲಿಂಡರಿನ ಕೊರಳಿನ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದಕ್ಕೆ 14.2 ಸೇರಿಸಿದರೆ ಬರುವಷ್ಟು ತೂಗಬೇಕು, ಕೇಳಿದರೆ ತರುವವರು ತೂಗಿ ತೋರಿಸಬೇಕು. ಮೂವತ್ತೈದು ದಿನ ಬರುತ್ತಿದ್ದದ್ದು ಒಮ್ಮೆಲೆ ಇಪ್ಪತ್ತೆಂಟಕ್ಕೆ ಮುಗಿದರೆ ತೂಕ ಕೇಳಲು ನಿಮ್ಮ ಹತ್ತಿರ ಕಾರಣ ಇರುತ್ತದೆ.

ಅನ್ನಭಾಗ್ಯದ ದುಡ್ಡೂ ಇದೇ ಪಾಠ ಹೇಳಿಕೊಟ್ಟಿತು. 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರತೊಡಗಿತು. ಐದು ಮಂದಿಯ ಮನೆಗೆ ತಿಂಗಳಿಗೆ 850. 2025ರ ಆರಂಭದಲ್ಲಿ ದುಡ್ಡು ನಿಂತು ಮತ್ತೆ ಅಕ್ಕಿಯೇ ಬಂತು. ಈ ನಡುವೆ ಯಾವ ತಿಂಗಳಿನದು ಬಂತು, ಯಾವ ತಿಂಗಳಿನದು ಉಳಿಯಿತು ಎಂದು ಕೇಳಿದರೆ ಹೇಳಬಲ್ಲವರು ಬೆರಳೆಣಿಕೆಯಷ್ಟು. ಬ್ಯಾಂಕಿನ ಮೆಸೇಜು ಬರುವುದು ದುಡ್ಡು ಬಿದ್ದ ದಿನಕ್ಕೆ, ಅದು ಯಾವ ತಿಂಗಳಿನ ಪಾಲು ಎನ್ನುವುದು ಅದರಲ್ಲಿ ಇರುವುದಿಲ್ಲ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿಗೂ ಇದೇ ಮಾತು. ಎರಡು ಕಂತು ಒಟ್ಟಿಗೆ ಬಿದ್ದರೆ ಸಂತೋಷಪಟ್ಟು ಸುಮ್ಮನಾಗುತ್ತೇವೆ. ಹಿಂದಿನ ಮೂರು ಬಾಕಿ ಇತ್ತೇ ಎಂದು ನೋಡುವುದಿಲ್ಲ. ಪುಟದಲ್ಲಿ ಹನ್ನೆರಡು ತಿಂಗಳ ಹೆಸರು ಮೊದಲೇ ಬರೆದಿಟ್ಟು, ಬಂದಂತೆ ಎದುರಿಗೆ ತುಂಬುತ್ತ ಹೋಗಬೇಕು. ಡಿಬಿಟಿ ಕರ್ನಾಟಕ ಎಂಬ ಸರ್ಕಾರದ ಆಪ್‌ನಲ್ಲಿ ನೋಡಿ ತಾಳೆ ಹಾಕಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಇದ್ದರೆ ಐದು ನಿಮಿಷದ ಕೆಲಸ.

ಕಂಪನಿಗಳು ವಾಪಸ್ ಕೊಡುತ್ತೇವೆ ಎನ್ನುವ ದುಡ್ಡಿನ ಮಾತೇ ಬೇರೆ. ಅಮೆರಿಕದಲ್ಲಿ ಅದು ದೊಡ್ಡ ಪದ್ಧತಿಯಾಗಿ ಬೆಳೆದಿತ್ತು. ಪೂರ್ತಿ ಬೆಲೆ ಕೊಟ್ಟು ಸಾಮಾನು ಒಯ್ಯಬೇಕು, ಡಬ್ಬಿಯ ಮೇಲಿನ ಗೆರೆಗೆರೆಯ ಬಾರ್‌ಕೋಡ್ ಕತ್ತರಿಸಿ, ಬಿಲ್ಲು ಮತ್ತು ಫಾರ್ಮು ಸೇರಿಸಿ ಅಂಚೆಗೆ ಹಾಕಬೇಕು, ವಾರಗಟ್ಟಲೆ ಕಾದ ಮೇಲೆ ಮನೆಗೆ ಚೆಕ್ ಬರುತ್ತದೆ. ಕೊಳ್ಳುವಾಗ ಆ ರಿಯಾಯ್ತಿ ನೋಡಿಯೇ ಕೊಳ್ಳುತ್ತಾರೆ, ಆಮೇಲೆ ಎಷ್ಟೋ ಜನ ಲಕೋಟೆ ಕಳಿಸುವುದನ್ನೇ ಮರೆಯುತ್ತಾರೆ. ಈ ಮರೆವಿನ ಮೇಲೆಯೇ ಕಂಪನಿಯ ಲೆಕ್ಕ ನಿಂತಿರುತ್ತದೆ. ಇದನ್ನು ನಾನು ಸರಿಯಾದ ವ್ಯಾಪಾರ ಎಂದು ಒಪ್ಪುವುದಿಲ್ಲ. ಕಡಿಮೆ ಮಾಡುವ ಮನಸ್ಸಿದ್ದರೆ ಗಲ್ಲೆಯ ಮುಂದೆಯೇ ಕಡಿಮೆ ಮಾಡಬೇಕು.

ನಮ್ಮಲ್ಲಿ ಅದರ ತಮ್ಮಂದಿರು ಬಂದು ಹೋಗಿದ್ದಾರೆ. ಮ್ಯಾಗಿಯ ಖಾಲಿ ಪೊಟ್ಟಣ ಅಂಚೆಯಲ್ಲಿ ಕಳಿಸಿದರೆ ಮಕ್ಕಳಿಗೆ ಉಡುಗೊರೆ ಬರುತ್ತಿದ್ದ ಕಾಲ ಇತ್ತು. 1999ರ ವಿಶ್ವಕಪ್ ಹೊತ್ತಿಗೆ ಬ್ರಿಟಾನಿಯಾ ಬಿಸ್ಕೀಟಿನ ಹೊದಿಕೆಯ ಮೇಲೆ ರನ್ನುಗಳು ಇರುತ್ತಿದ್ದವು. 100 ರನ್ ಕೂಡಿಸಲು ಊರೂರಿನ ಹುಡುಗರು ಹೊದಿಕೆ ಆರಿಸುತ್ತ ತಿರುಗಿದರು. ಇವತ್ತಿನ ರೂಪ ಕ್ಯಾಶ್‌ಬ್ಯಾಕ್. ಬೆಳಗಾವಿಗೆ ಹೋಗಿ ಫ್ರಿಜ್ಜು ತರುತ್ತಾರೆ, “ಕಾರ್ಡ್ ಮ್ಯಾಲೆ ತಗೊಂಡ್ರ ಎರಡೂವರಿ ಸಾವಿರ ವಾಪಸ್ ಬರತೈತ್ರಿ” ಎಂದು ಅಂಗಡಿಯವರು ಹೇಳುತ್ತಾರೆ. ಅದು ಬರುವುದು ಎರಡು ಮೂರು ತಿಂಗಳು ಬಿಟ್ಟು, ಅದೂ ಷರತ್ತಿನ ಮೇಲೆ. ನಮ್ಮ ಪರಿಚಯದ ಒಂದು ಮನೆಗೆ ಅದು ಬರಲೇ ಇಲ್ಲ. ಅವರು ಕೇಳಲು ಹೋದಾಗ ಮೂಲ ಬಿಲ್ಲು ಇರಲಿಲ್ಲ, ಆಫರಿನ ಕಾಗದ ಇರಲಿಲ್ಲ, ಹೇಳಿದ ಹುಡುಗ ಕೆಲಸ ಬಿಟ್ಟಿದ್ದ. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಎನ್ನುವ ಗಾದೆ ಸಾಲ ಕೊಟ್ಟವರಿಗಷ್ಟೇ ಹುಟ್ಟಿದ್ದಲ್ಲ.

ಹಾಗಾಗಿ ಬರಬೇಕಾದ ಹಣದ ಪುಟಕ್ಕೆ ನನ್ನ ನಿಯಮ ಒಂದೇ: ಕೈಗೆ ಬರುವ ತನಕ ಅದು ಉಳಿತಾಯ ಅಲ್ಲ, ಬಾಕಿ. ಫ್ರಿಜ್ಜಿನ ಬೆಲೆ ಇಪ್ಪತ್ತೆರಡು ಸಾವಿರ ಕೊಟ್ಟಿದ್ದರೆ ಖರ್ಚಿನ ಬದಿಗೆ ಇಪ್ಪತ್ತೆರಡು ಸಾವಿರವನ್ನೇ ಬರೆಯಿರಿ, ಹತ್ತೊಂಬತ್ತೂವರೆ ಎಂದು ಬರೆಯಬೇಡಿ. ಎರಡೂವರೆ ಸಾವಿರ ಬಾಕಿಯ ಪುಟಕ್ಕೆ ಹೋಗಲಿ: ಯಾರು ಕೊಡಬೇಕು, ಯಾವ ದಿನದೊಳಗೆ, ಯಾವ ಕಾಗದದ ಆಧಾರ. ಬಂದ ದಿನ ಕಾಟು ಹಾಕಿ ಜಮಾ ಬರೆಯಿರಿ. ಆಪ್‌ನೊಳಗೆ ‘ಪಾಯಿಂಟು’ ಎಂದು ಬರುವುದು ರೊಕ್ಕ ಅಲ್ಲ, ಇನ್ನೊಂದು ಖರೀದಿಗೆ ಕರೆಯುವ ಚೀಟಿ. ಅದಕ್ಕೆ ಈ ಪುಸ್ತಕದಲ್ಲಿ ಜಾಗ ಕೊಡಬೇಡಿ.

ಬಿಲ್ಲಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ದೊಡ್ಡ ಅಂಗಡಿಗಳು ಕೊಡುವ ನುಣುಪು ಕಾಗದದ ಬಿಲ್ಲು ಶಾಯಿಯಿಂದ ಅಚ್ಚಾದದ್ದಲ್ಲ, ಬಿಸಿಯಿಂದ ಕಪ್ಪಾದದ್ದು. ಬಿಸಿಲಿಗೆ, ಪ್ಲಾಸ್ಟಿಕ್ ಚೀಲದ ಒಳಗೆ ಅಕ್ಷರ ಅಳಿಸಿಹೋಗುತ್ತವೆ. ಗ್ಯಾರಂಟಿ ಎರಡು ವರ್ಷ ಇದ್ದರೆ ಬಿಲ್ಲು ಆರು ತಿಂಗಳಿಗೆ ಬೆಳ್ಳಗೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ವಹಿಗೆ ಅಂಟಿಸಿ. ಮೊಬೈಲಿನಲ್ಲಿ ಫೋಟೋ ತೆಗೆದರೂ ಆದೀತು, ಆದರೆ ಮೊಬೈಲು ಬದಲಾಗುತ್ತದೆ, ವಹಿ ಬದಲಾಗುವುದಿಲ್ಲ. ಬಿಲ್ಲು ಕೇಳುವುದಕ್ಕೆ ನಾಚಿಕೆ ಬೇಡ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಬಿಲ್ಲು ಕೊಡದಿರುವುದನ್ನು ಅನ್ಯಾಯದ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಉಡುಗೊರೆ, ಬಹುಮಾನ ಎಂದು ಹೇಳಿ ಕೊಡುವ ಉದ್ದೇಶವೇ ಇಲ್ಲದಿರುವುದೂ, ಬೆಲೆಯಲ್ಲೇ ಸೇರಿಸಿಕೊಂಡು ಪುಕ್ಕಟೆ ಎನ್ನುವುದೂ ಅದೇ ಪಟ್ಟಿಯಲ್ಲಿವೆ.

ಇನ್ನು ಉಳಿತಾಯ ಎಂದರೇನು ಎನ್ನುವ ಪ್ರಶ್ನೆ. ಎಮ್ಮಾರ್ಪಿಗಿಂತ ಎಷ್ಟು ಕಡಿಮೆ ಎಂದು ಲೆಕ್ಕ ಹಾಕುವುದು ಬಹಳ ಜನರ ರೂಢಿ. ಬಿಲ್ಲಿನ ಕೆಳಗೆ ‘ನೀವು ಉಳಿಸಿದ್ದು ಇಷ್ಟು’ ಎಂದು ಅಚ್ಚಾಗಿ ಬರುತ್ತದೆ, ಅದನ್ನೇ ನಂಬುತ್ತಾರೆ. ಎಮ್ಮಾರ್ಪಿ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎನ್ನುವ ಗಡಿ. ಅದರ ಕೆಳಗೆ ಕೊಟ್ಟದ್ದೆಲ್ಲ ಉಪಕಾರ ಅಲ್ಲ. ನಿಮ್ಮ ಉಳಿತಾಯ ಅಳೆಯಬೇಕಾದದ್ದು ನೀವೇ ಹೋದ ಸಲ ಕೊಟ್ಟ ಬೆಲೆಯ ಜೊತೆ. ನಮ್ಮ ಬಜಾರದಲ್ಲಿ ಒಮ್ಮೆ ಕೇಳಿದ ಮಾತು ನನಗೆ ಬಹಳ ಹಿಡಿಸಿತು.

“ಎಮ್ಮಾರ್ಪಿಗಿಂತ ಹತ್ತು ರೂಪಾಯಿ ಕಮ್ಮಿ ಹಚ್ಚೇನ್ರೀ ಅಕ್ಕಾರ.”

“ಹಚ್ಚೀರಿ ಖರೆ ಸಾವ್ಕಾರ್ರ, ಹ್ವಾದ ತಿಂಗಳ ಇದ ಡಬ್ಬಿ ಎಷ್ಟಕ್ಕ ಕೊಟ್ಟಿದ್ರಿ? ನನ್ನ ಪುಸ್ತಕದಾಗ ಐತಿ.”

ಅಂಗಡಿಯವರು ನಕ್ಕು ಇನ್ನೂ ನಾಲ್ಕು ರೂಪಾಯಿ ಇಳಿಸಿದರು. ಪುಸ್ತಕ ಇದೆ ಎನ್ನುವ ಮಾತಿಗೆ ಅಷ್ಟು ಬೆಲೆ.

ರೂಪಾಯಿಯ ಜೊತೆಗೆ ಗ್ರಾಮು, ಮಿಲಿಲೀಟರು ಬರೆಯದಿದ್ದರೆ ಈ ಹೋಲಿಕೆಯೂ ಕೈಕೊಡುತ್ತದೆ. ಇದಕ್ಕೆ ನಂದಿನಿ ಹಾಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2024ರ ಜೂನ್ 26ರಿಂದ ನೀಲಿ ಪ್ಯಾಕೆಟ್ಟಿನ ಲೀಟರು ಹಾಲಿಗೆ 2 ರೂಪಾಯಿ ಏರಿ 44 ಆಯಿತು, ಜೊತೆಗೆ 50 ಮಿಲಿಲೀಟರು ಹೆಚ್ಚು ಹಾಲೂ ಬಂತು. ಅಂದರೆ ಅದು 1,050 ಮಿಲಿಲೀಟರಿನ ಬೆಲೆ. 2025ರ ಏಪ್ರಿಲ್ 1ಕ್ಕೆ ಹೆಚ್ಚಿನ ಹಾಲು ವಾಪಸ್ ಹೋಗಿ ಮತ್ತೆ ಸರಿಯಾಗಿ 1 ಲೀಟರು ಆಯಿತು, ಬೆಲೆ 46. ಬರೀ ರೂಪಾಯಿ ಬರೆದ ಮನೆಯಲ್ಲಿ ಏರಿದ್ದು 2 ರೂಪಾಯಿ. ಅಳತೆಯನ್ನೂ ಬರೆದ ಮನೆಯಲ್ಲಿ ಲೀಟರಿಗೆ 41 ರೂಪಾಯಿ 90 ಪೈಸೆ ಇದ್ದದ್ದು 46ಕ್ಕೆ ಹೋಯಿತು, ಅಂದರೆ 4 ರೂಪಾಯಿ 10 ಪೈಸೆ ಏರಿತು. ಏರಿಸಿದ ದುಡ್ಡು ರೈತರಿಗೆ ಹೋಗಲೆಂದು ಸರ್ಕಾರ ಹೇಳಿತ್ತು, ಎಮ್ಮೆ ಕಟ್ಟಿದ ಮನೆಗಳು ಸುತ್ತ ಇರುವ ನಮಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ನಾವು ಎಷ್ಟು ಕೊಡುತ್ತಿದ್ದೇವೆ ಎನ್ನುವುದು ನಮಗೆ ಗೊತ್ತಿರಬೇಕು.

ಬಿಸ್ಕೀಟು, ಸಾಬಾನಿನಲ್ಲಿ ಇದು ಇನ್ನೂ ಸದ್ದಿಲ್ಲದೆ ನಡೆಯುತ್ತದೆ. 5 ರೂಪಾಯಿ, 10 ರೂಪಾಯಿಯ ಪೊಟ್ಟಣದ ಬೆಲೆ ವರ್ಷಗಟ್ಟಲೆ ಅಲುಗುವುದಿಲ್ಲ, ಒಳಗಿನ ತೂಕ ಇಳಿಯುತ್ತ ಹೋಗುತ್ತದೆ. ಮುಂಚೆ ಇಂಥಿಂಥ ಸಾಮಾನು ಇಷ್ಟೇ ಗ್ರಾಮಿನಲ್ಲಿ ಕಟ್ಟಬೇಕು ಎಂಬ ಪಟ್ಟಿ ಕಾನೂನಿನಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದರು, ಬದಲಿಗೆ ಗ್ರಾಮಿಗೆ ಎಷ್ಟು, ಕಿಲೋಗೆ ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದರು. ಆ ಅಕ್ಷರ ಬಹಳ ಸಣ್ಣದು, ಎಮ್ಮಾರ್ಪಿಯ ಪಕ್ಕದಲ್ಲೇ ಇರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನೇ ಬರೆದುಕೊಳ್ಳಿ. ಭಾಗಾಕಾರದ ಕೆಲಸ ಉಳಿಯಿತು.

ಈ ರೂಢಿಗೆ ಒಂದು ಪರೀಕ್ಷೆಯೇ ಬಂತು. 2025ರ ಸೆಪ್ಟೆಂಬರ್ 22ರಿಂದ ಮೈಸಾಬಾನು, ಟೂತ್‌ಪೇಸ್ಟು, ಶಾಂಪೂ, ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 59 ರೂಪಾಯಿ ಇದ್ದ ವಸ್ತುವಿನ ಮೂಲಬೆಲೆ 50. ಅದಕ್ಕೆ ಶೇಕಡಾ 5 ಸೇರಿಸಿದರೆ 52 ರೂಪಾಯಿ 50 ಪೈಸೆ. ಅಷ್ಟಕ್ಕೆ ಸಿಕ್ಕಿತೇ? ಆಗಸ್ಟಿನ ಬೆಲೆ ಬರೆದಿಟ್ಟವರು ಮಾತ್ರ ಅಂಗಡಿಯಲ್ಲಿ ನಿಂತು ಇದನ್ನು ಕೇಳಬಲ್ಲವರಾಗಿದ್ದರು. ಬಟ್ಟೆ ತೊಳೆಯುವ ಪುಡಿಗೆ ತೆರಿಗೆ ಇಳಿಯಲಿಲ್ಲ, 18ರಲ್ಲೇ ಉಳಿಯಿತು. ಅದರ ಬೆಲೆ ಯಾಕೆ ಇಳಿಸಿಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವುದೂ ತಪ್ಪು.

ಹೀಗೆ ಪೈಸೆ ಪೈಸೆ ಬರೆದರೂ ನಮ್ಮ ಸೀಮೆಯ ಸಂಸಾರಕ್ಕೆ ದೊಡ್ಡ ಉಳಿತಾಯ ಬರುವುದು ಪೊಟ್ಟಣದಿಂದ ಅಲ್ಲ, ಸುಗ್ಗಿಯಿಂದ. ಎರಿಭೂಮಿಯ ಊರುಗಳಲ್ಲಿ ವರ್ಷದ ಜೋಳ, ಕಡಲೆ, ತೊಗರಿ, ಗೋದಿ ಸುಗ್ಗಿ ಮುಗಿಯುತ್ತಲೇ ಮನೆ ತುಂಬಿಸಿಕೊಳ್ಳುವ ಪದ್ಧತಿ ಇನ್ನೂ ಇದೆ. ಹಗೇವು ಹೋಗಿ ತಗಡಿನ ಕಣಜ ಬಂದಿದೆ, ಬೇವಿನ ಎಲೆ ಮಾತ್ರ ಹಾಗೇ ಉಳಿದಿದೆ. ಮಾಲದಂಡಿ ಜೋಳ ಫೆಬ್ರುವರಿ–ಮಾರ್ಚಿನಲ್ಲಿ ಚೀಲಗಟ್ಟಲೆ ಒಯ್ದವರಿಗೂ ಶ್ರಾವಣದಲ್ಲಿ ಕಿಲೋ ಲೆಕ್ಕದಲ್ಲಿ ಒಯ್ಯುವವರಿಗೂ ಇರುವ ಅಂತರವನ್ನು ಒಂದು ವರ್ಷ ಬರೆದಿಟ್ಟು ನೋಡಿ. ವರ್ಷದ ಖಾರ ಕುಟ್ಟಿಸಲು ತರುವ ಬ್ಯಾಡಗಿ ಮೆಣಸಿನಕಾಯಿಯದೂ ಹಾಗೆಯೇ. ಇಂಥ ಬಿಡಿ ಮಾಲಿಗೆ ಎಮ್ಮಾರ್ಪಿ ಇಲ್ಲ, ಹಾಗಾಗಿ ನಿಮ್ಮ ಪುಸ್ತಕವೇ ಎಮ್ಮಾರ್ಪಿ. ಆದರೆ ಚೀಲದ ಬೆಲೆಗೆ ಹಮಾಲಿ, ಟಂಟಂ ಬಾಡಿಗೆ, ಹುಳ ಹಿಡಿದು ಹೋದ ಕಾಳು ಕೂಡಿಸಿ ಬರೆಯಬೇಕು. ಕೂಡಿಸಿದ ಮೇಲೂ ಉಳಿದರೆ ಅದು ನಿಜವಾದ ಉಳಿತಾಯ. ಒಂದೇ ಸಲ ಅಷ್ಟು ರೊಕ್ಕ ಹೊಂದಿಸಲಾಗದವರಿಗೆ ಸಂಘದ ಸಾಲ ಇದಕ್ಕೇ ಅನುಕೂಲ. ಬಡ್ಡಿಯನ್ನೂ ಆ ಚೀಲದ ಬೆಲೆಗೇ ಸೇರಿಸಿ.

ಬಸ್ಸಿನ ಲೆಕ್ಕ ಕೆಲವರು ಕೇಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಶೂನ್ಯ. ಬೆಳಗಾವಿ, ಗೋಕಾಕ, ಸವದತ್ತಿ ಮೂರೂ ಕಡೆ ಬಸ್ಸು ಸಿಗುವ ಯರಗಟ್ಟಿಯವರಿಗೆ ಇದರ ಪ್ರಯೋಜನ ಹೆಚ್ಚು. ದವಾಖಾನೆಗೋ ಕಾಲೇಜಿಗೋ ಹೋಗಲೇಬೇಕಿದ್ದ ದಿನದ ಟಿಕೆಟ್ ದರವನ್ನು ಉಳಿತಾಯ ಎಂದು ಬರೆಯಿರಿ, ಅದು ನ್ಯಾಯ. ಬಸ್ಸು ಪುಕ್ಕಟೆ ಐತೆಂದು ಹೋಗಿ ಸೀರೆ ತಂದ ದಿನ ಸೀರೆಯ ಖರ್ಚನ್ನಷ್ಟೇ ಬರೆಯಿರಿ.

ಜಪಾನಿನಲ್ಲಿ ಹಾನಿ ಮೊತೊಕೊ ಎಂಬ ಪತ್ರಕರ್ತೆ 1904ರಲ್ಲೇ ಗೃಹಿಣಿಯರಿಗೆಂದು ಅಚ್ಚುಕಟ್ಟಾದ ಮನೆ ಲೆಕ್ಕದ ಪುಸ್ತಕ ಅಚ್ಚು ಹಾಕಿಸಿದರು. ನೂರಿಪ್ಪತ್ತು ವರ್ಷ ಕಳೆದರೂ ಅಲ್ಲಿ ಅದು ನಡೆದಿದೆ. ನಮ್ಮಲ್ಲಿ ಅಷ್ಟೇ ಶಿಸ್ತಿನ ಬರವಣಿಗೆ ಮನೆಯ ಒಳಗಿಲ್ಲ, ಸಂಘದ ಪೆಟ್ಟಿಗೆಯಲ್ಲಿದೆ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ವಾರವಾರ ಸಭೆ ಕೂಡಿ ಯಾರ ಉಳಿತಾಯ ಎಷ್ಟು, ಯಾರ ಸಾಲದ ಕಂತು ಬಂತು, ಯಾರದು ಬರಬೇಕು ಎಂದು ಒಂದು ಸಾಲೂ ತಪ್ಪದೆ ಬರೆಯುವ ಹೆಣ್ಣುಮಕ್ಕಳು ಊರೂರಿಗೆ ಇದ್ದಾರೆ. ಇಪ್ಪತ್ತು ಮಂದಿಯ ಬಾಕಿ ಬರೆಯಬಲ್ಲ ಕೈಗೆ ಒಂದು ಮನೆಯ ಬಾಕಿ ಬರೆಯುವುದು ಭಾರವಲ್ಲ. ಸಂಘದ ಸಭೆಯಲ್ಲಿ ತಿಂಗಳಿಗೊಮ್ಮೆ ಹತ್ತು ನಿಮಿಷ ಇದಕ್ಕೆ ಕೊಟ್ಟರೆ, ಯಾರ ಗ್ಯಾಸಿನ ದುಡ್ಡು ಬಂದಿಲ್ಲ, ಯಾರ ಗೃಹಲಕ್ಷ್ಮಿ ನಿಂತಿದೆ ಎನ್ನುವುದು ಎಲ್ಲರ ಎದುರು ತಿಳಿಯುತ್ತದೆ. ಒಬ್ಬರೇ ಹೋಗಿ ಕೇಳುವುದಕ್ಕೂ ಹತ್ತು ಮಂದಿ ಪುಟ ಹಿಡಿದು ಹೋಗುವುದಕ್ಕೂ ವ್ಯತ್ಯಾಸ ಇದೆ.

ಅಂಗಡಿ, ಕಂಪನಿಗಳಿಂದ ಕೇಳಿದರೂ ಬಾರದ ದುಡ್ಡಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ. ಎರಡೂ ಕಡೆ ಮೊದಲು ಕೇಳುವುದು ಬಿಲ್ಲು ಮತ್ತು ದಿನಾಂಕ.

ಕೊನೆಗೆ ಒಂದು ವಿನಂತಿ. ವರ್ಷ ಮುಗಿದ ಮೇಲೆ ಈ ವಹಿಗಳನ್ನು ಹಳೆಯ ಪೇಪರಿನ ಜೊತೆ ರದ್ದಿಗೆ ಹಾಕಬೇಡಿ. ನಿಮ್ಮ ಅತ್ತೆ, ಅಜ್ಜಿ ಬರೆದಿಟ್ಟದ್ದು ಟ್ರಂಕಿನ ತಳದಲ್ಲಿ ಇದ್ದರೆ ಅದನ್ನೂ ತೆಗೆದಿಡಿ. ಯರಗಟ್ಟಿಯಲ್ಲಿ ಯಾವ ವರ್ಷ ಜೋಳ ಯಾವ ಬೆಲೆಗೆ ಮನೆಗೆ ಬಂತು ಎನ್ನುವುದು ಆ ಹಾಳೆಗಳಲ್ಲಿ ಅಲ್ಲದೆ ಬೇರೆಲ್ಲೂ ಸಿಗುವುದಿಲ್ಲ.